ಅಪ್ಪನ ಹೆಬ್ಬೆಟ್ಟು, ನನ್ನ ಇಂಗ್ಲಿಷು

ನಾನು ಆಗ ಚಿಕ್ಕವನು ಮಕ್ಕಳೇ, ಅಪ್ಪನ ಸೊಂಟದೆತ್ತರ. ಹಾನುಬಾಳಿನ ಆಚೆ, ಒಂದು ಕಾಫಿ ಎಸ್ಟೇಟಿನ ಅಂಚಿನಲ್ಲಿ ನಮ್ಮ ಕುಲುಮೆಯಿತ್ತು. ತೋಟದ ಆಳುಗಳ ಕತ್ತಿ, ಗುದ್ದಲಿ ಹದ ಮಾಡುವುದು ಅಪ್ಪನ ಕೆಲಸ. ಕುಲುಮೆಯ ಹಿಂದೆ ನಮ್ಮ ಮನೆ, ಮನೆಯ ಹಿಂದೆ ಅಪ್ಪನೇ ತೋಡಿದ ಬಾವಿ. ಜಾಗ ಮಾತ್ರ ಎಸ್ಟೇಟಿನದು. ಹಳೆಯ ಸಾಹುಕಾರರು "ಇದ್ಕೊಳಯ್ಯ" ಎಂದು ಬಾಯಿಮಾತಲ್ಲಿ ಕೊಟ್ಟಿದ್ದರು. ಆ ವರ್ಷ ಎಸ್ಟೇಟು ಬೇರೆಯವರ ಕೈಗೆ ಹೋಯಿತು.

ಹೂಮಳೆ ಬಿದ್ದು ವಾರ ಕಳೆದಿತ್ತು. ಕಾಫಿ ಗಿಡವೆಲ್ಲ ಬೆಳ್ಳಗೆ ಅರಳಿ, ಉಸಿರು ಕಟ್ಟುವಷ್ಟು ಘಮ. ಆ ಬೆಳಿಗ್ಗೆ ಒಂದು ಕತ್ತಿಯೂ ಕುಲುಮೆಗೆ ಬರಲಿಲ್ಲ. ದಿನಾ ನಿಂತು ಹರಟುತ್ತಿದ್ದ, ಆಳುಗಳ ಲೈನುಮನೆಯ ಹೆಂಗಸರು ತಲೆ ತಗ್ಗಿಸಿಕೊಂಡು ದಾಟಿ ಹೋದರು.

"ಯಾಕಪ್ಪ, ಯಾರೂ ಮಾತಾಡ್ಸ್ತಾನೇ ಇಲ್ಲ?" ಎಂದಳು ಅಕ್ಕ.

"ಹೊಸ ಸಾಹುಕಾರ್ರು ಅಂದ್ರೆ ಭಯ ಕಣವ್ವ. ಇಲ್ಲಾ, ನಿನ್ ಬಾಯಿಗೆ ಹೆದರ್ಕೊಂಡಿರ್ಬೋದು" ಎಂದು ಅಪ್ಪ ನಕ್ಕ. ಆದರೆ ಇದ್ದಿಲ ಮೇಲೆ ಗಾಳಿ ಊದುವ ತಿದಿಯನ್ನು ಸುಮ್ಮನೇ ಒತ್ತುತ್ತಿದ್ದ. ಬೆಂಕಿಯಲ್ಲಿ ಕಬ್ಬಿಣವೇ ಇರಲಿಲ್ಲ.

ಬಿಸಿಲೇರುವ ಹೊತ್ತಿಗೆ ಎಸ್ಟೇಟಿನ ಲೆಕ್ಕಪತ್ರ ಬರೆಯುವ ರೈಟರು ಒಂದು ಕಾಗದ ಹಿಡಿದು ಬಂದರು. ಜೊತೆಗೆ ಇಬ್ಬರು ಆಳುಗಳು, ಒಂದು ಗೋಣಿಚೀಲ, ಒಂದು ಹಗ್ಗ. ಆ ಇಬ್ಬರು ದೂರದಲ್ಲೇ ನಿಂತರು.

"ಇಲ್ಲಿ ಜೀಪ್ ಶೆಡ್ ಬರ್ತೈತಂತೆ. ಯುಗಾದಿಗೆ ಖಾಲಿ ಮಾಡ್ಬೇಕು. ರೋಡಾಚೆ ನಿಮ್ಗೊಂದು ಶೆಡ್ ಕೊಡ್ತಾರೆ. ಎಲ್ಲಾ ಇದ್ರಲ್ಲೈತೆ" ಎಂದರು.

"ಕುಲುಮೆ ತಾನೇ, ಬುಡಾನ" ಎಂದ ಅಪ್ಪ ನನ್ನ ಕಡೆ ತಿರುಗಿದ. "ಓದ್ಲಾ ಮಗ. ರೈಟರಿಗೂ ಗೊತ್ತಾಗ್ಲಿ, ನಮ್ಮನೇಲೂ ಇಂಗ್ಲಿಷ್ ಬರೋನು ಒಬ್ಬ ಅವ್ನೆ ಅಂತ."

ನಾನು ಇಂಗ್ಲಿಷ್ ಅಕ್ಷರ ಕಲಿತು ಒಂದು ವರ್ಷವೂ ಆಗಿರಲಿಲ್ಲ. ಬೆರಳಿಟ್ಟು ಕೂಡಿಸಿ ಕೂಡಿಸಿ ಓದಿದೆ. 'ಪ್ರೆಮಿಸಸ್' ಎಂಬ ಪದ ಮೂರು ಸಲ ಬಂತು.

"ಹಂಗಂದ್ರೆ?" ಎಂದ ಅಪ್ಪ.

ಅಪ್ಪನ ಮುಖದಲ್ಲಿ ಎಂಥ ಹೆಮ್ಮೆಯಿತ್ತು ಮಕ್ಕಳೇ! ಗೊತ್ತಿಲ್ಲ ಎನ್ನಲು ನನ್ನ ನಾಲಿಗೆ ಏಳಲಿಲ್ಲ. "ಕುಲುಮೆ ಅಂತ ಅಪ್ಪ. ಕೆಲ್ಸ ಮಾಡೋ ಶೆಡ್ಡು" ಎಂದುಬಿಟ್ಟೆ.

ರೈಟರು ನನ್ನನ್ನೇ ನೋಡಿದರು. ಏನೋ ಹೇಳುವವರಂತೆ ಬಾಯಿ ತೆರೆದರು, ಆಮೇಲೆ ಆ ಬಾಯಿಗೆ ಎಲೆಅಡಿಕೆ ಹಾಕಿಕೊಂಡರು.

ಕಾದ ಕಬ್ಬಿಣ ಇಟ್ಟು ಬಡಿಯುವ ಅಡಗಲ್ಲಿನ ಮೇಲೆ ಅಪ್ಪ ಎಡಗೈ ಇಟ್ಟ. "ಬುಟ್ಕೊಡ್ತೀನಿ" ಎಂದ. ಅಡಗಲ್ಲು ಮುಟ್ಟಿ ಕೊಟ್ಟ ಮಾತನ್ನು ನಮ್ಮವರು ಹಿಂದಕ್ಕೆ ತೆಗೆದುಕೊಳ್ಳುವಂತಿರಲಿಲ್ಲ. ತೆಗೆದುಕೊಂಡವನು ಆ ಕಲ್ಲಿನ ಮೇಲೆ ಮತ್ತೆ ಕಬ್ಬಿಣ ಇಡಬಾರದು. ಅಪ್ಪ ಬಲಗೈಯ ಹೆಬ್ಬೆಟ್ಟನ್ನು ಕಾಗದಕ್ಕೆ ಒತ್ತಿದ. ಶಾಯಿ ಬೇಕಾಗಲಿಲ್ಲ, ಬೆರಳಲ್ಲೇ ಮಸಿಯಿತ್ತು.

ದೂರದಲ್ಲಿದ್ದವರು ಆಗ ಹತ್ತಿರ ಬಂದರು. ಗೋಣಿಚೀಲದ ಬಾಯಿ ಬಿಚ್ಚಿದರು. ಒಳಗೆ ಸುಣ್ಣ. ಹಗ್ಗ ಹಿಡಿದು ನೆಲಕ್ಕೆ ಗೆರೆ ಸುರಿಯುತ್ತಾ ಹೊರಟರು. ಗೆರೆ ಕುಲುಮೆಯ ಮೂಲೆ ದಾಟಿತು. ನಮ್ಮ ಅಡುಗೆಮನೆಯ ಗೋಡೆ ದಾಟಿತು. ಕಟ್ಟಿದ್ದ ಹಸು ಕಾಲೆತ್ತಿ ಪಕ್ಕಕ್ಕೆ ಸರಿಯಿತು. ಬಾವಿಯ ಹತ್ತಿರ ಅಕ್ಕ ಬಿಂದಿಗೆ ಹಿಡಿದು ನಿಂತಿದ್ದಳು.

"ಏಯ್, ಇಲ್ಲಿಗ್ಯಾಕ್ರೀ ಬಂದ್ರಿ?" ಎಂದು ಕೂಗಿದಳು. ಅವರು ಅವಳನ್ನೂ ಬಾವಿಯನ್ನೂ ಸೇರಿಸಿ ಗೆರೆ ಸುತ್ತಿದರು.

ರೈಟರು ಅಪ್ಪನ ಮುಖ ನೋಡದೆ ಹೇಳಿದರು: "ಪ್ರೆಮಿಸಸ್ ಅಂದ್ರೆ ಬರೀ ಶೆಡ್ ಅಲ್ಲ ಕಣಯ್ಯ. ಕಟ್ಟಡ, ಅದ್ಕೆ ಸೇರಿದ ಮನೆ, ಸುತ್ತಲ ಜಾಗ, ಬಾವಿ, ಎಲ್ಲಾ ಸೇರ್ಸಿ ಹಂಗಂತಾರೆ."

ಅಪ್ಪ ನನ್ನ ಕಡೆ ನೋಡಿದ. "ಗೊತ್ತಿಲ್ಲ ಅಂದಿದ್ರೆ ಆಗ್ತಿತ್ತಲ್ಲ ಮಗ" ಎಂದ. ಅಷ್ಟೇ. ಹೊಡೆದಿದ್ದರೆ ಚೆನ್ನಾಗಿತ್ತು.

"ಕಾಗ್ದ ಕಿತ್ಕಳಪ್ಪ, ಇನ್ನೂ ಇಲ್ಲೇ ಅವ್ರೆ! ಕಲ್ಲು ಮುಟ್ಟಿದ್ದಕ್ಕೆ ಮನೆ ಬುಡ್ತಾರಾ?" ಅಕ್ಕ ಅಳುತ್ತಿದ್ದಳು.

"ಮನೆ ಇನ್ನೊಂದು ಕಟ್ಬೋದು ಕಣವ್ವ. ಕಲ್ಲು ಬುಟ್ರೆ ಯಾವ ಕೈಲಿ ದುಡೀಲಿ?"

ಯುಗಾದಿಗೆ ನಾವು ರಸ್ತೆಯಾಚೆಯ ತಗಡಿನ ಶೆಡ್ಡಿಗೆ ಹೋದೆವು. ಬೆಂಕಿಯ ಪಕ್ಕದಲ್ಲೇ ಮಲಗಿದೆವು. ಎದುರಿಗೆ ಮುಳ್ಳುತಂತಿ, ಅದರೊಳಗೆ ನಮ್ಮ ಬಾವಿ. ಅಕ್ಕ ಹಳ್ಳದಿಂದ ನೀರು ಹೊತ್ತಳು. ನಾನು ಮತ್ತೆ ಶಾಲೆಗೆ ಹೋಗಲಿಲ್ಲ. ಯಾರೂ ಬಿಡು ಎನ್ನಲಿಲ್ಲ, ನಾನೇ ತಿದಿಯ ಹಗ್ಗ ಹಿಡಿದೆ. ಈಗ ನೀವು ಮಲಗುವ ಮನೆ ಆ ಹಗ್ಗ ಎಳೆದ ಕೈಯ ದುಡಿಮೆಯಿಂದಲೇ ಕಟ್ಟಿದ್ದು, ಜಾಗ ಬೇರೆ ಯಾರದೂ ಅಲ್ಲ, ನಮ್ಮದೇ.

ನಿಮಗೆ ಅಂಗಳದಲ್ಲೇ ನಲ್ಲಿ ಇದೆ, ಇಂಗ್ಲಿಷು ನೀರಿನಂತೆ ಬರುತ್ತದೆ. ಮೊನ್ನೆ ಹೋಂಸ್ಟೇಯವರು ನಮ್ಮ ಹಿತ್ತಲನ್ನು ಬಾಡಿಗೆಗೆ ಕೇಳಿ ಕಾಗದ ತಂದಾಗ ನಿಮ್ಮಲ್ಲೇ ಚಿಕ್ಕವಳು ಗಟ್ಟಿಯಾಗಿ ಓದಿದಳು. ಒಂದು ಕಡೆ ನಿಂತಳು. "ಈ ಪದ ನಂಗೆ ಗೊತ್ತಿಲ್ಲ ತಾತ, ನಾಳೆ ಮಿಸ್ಸನ್ನ ಕೇಳ್ತೀನಿ" ಎಂದಳು. ಅವಳ ಮುಖದಲ್ಲಿ ನಾಚಿಕೆಯ ಸುಳಿವೇ ಇರಲಿಲ್ಲ. ಬಂದವರು ಪೆನ್ನು ಚಾಚಿಕೊಂಡೇ ಕೂತಿದ್ದರು. ನಾನು ಕಾಗದ ಮಡಚಿ ಅವಳ ಕೈಗೇ ಕೊಟ್ಟೆ.