ಮೂರು ಚೀಲದಲ್ಲಿರುವ ಹಳೇ ಟ್ರ್ಯಾಕ್ಟರ್

ಬೆಳಗಿನ ಆರು ಗಂಟೆ. ಭೀಮರಾಯನಗುಡಿ ಕ್ಯಾಂಪ್ ದಾಟಿ ಶಹಾಪುರದ ಕಡೆ ಸ್ವಲ್ಪ ನಡೆದರೆ ಸಿಗುವ ತಗಡಿನ ಶೆಡ್ಡಿನಲ್ಲಿ ಲಾಲಪ್ಪ ಅಂಗಾತ ಮಲಗಿದ್ದಾರೆ. ಬೆನ್ನಡಿ ಗೋಣಿತಟ್ಟು, ಎದೆಯ ಮೇಲೆ ಒಂದು ಮೊಳದೆತ್ತರಕ್ಕೆ ನೀಲಿ ಟ್ರ್ಯಾಕ್ಟರಿನ ಹಿಂದಿನ ಅಚ್ಚು. ಪಾನಾ, ಅಂದರೆ ಸ್ಪ್ಯಾನರು, ಹಾಕಿ ಬಿರಡೆ ಸಡಿಲಿಸುತ್ತಾರೆ. ದಪ್ಪಗೆ, ಕಂದುಬಣ್ಣದಲ್ಲಿ ಇಳಿಯಬೇಕಾದ ಎಣ್ಣೆ ಬೆಳ್ಳಗೆ ನೊರೆಯಾಗಿ, ಹಾಲು ಹೆಚ್ಚಾದ ಚಹಾದಂತೆ ಡಬ್ಬಿಗೆ ಸುರಿಯುತ್ತದೆ. ಲಾಲಪ್ಪ ಒಂದು ಕ್ಷಣ ಕಣ್ಣು ಮುಚ್ಚಿಕೊಳ್ಳುತ್ತಾರೆ.

"ಅಂಬ್ರಪ್ಪ, ಇದನ್ನ ಕಾಲುವಿಗೆ ಇಳಿಸಿದ್ದೇನು?"

ಟ್ರ್ಯಾಕ್ಟರಿನ ಮಾಲೀಕ ಅಂಬ್ರಪ್ಪ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಪಕ್ಕದ ಹಳ್ಳಿಯವರು, ಕಾಲುವೆ ಕೆಳಗೆ ಆರೆಕರೆ ಗದ್ದೆ. "ಮೊನ್ನಿ ಅಮಾಸಿ ಇತ್ತಲ್ರಿ ಮಾವ. ಪೂಜಾ ಮಾಡಬೇಕು, ಮೈಯೆಲ್ಲಾ ಕೆಸರು. ರ್‍ಯಾಂಪಿನಾಗ ಇಳಿಸಿ ತೊಳದ್ವಿ."

"ಎಂಜಿನ್ ಆರಿತ್ತೋ, ಬಿಸಿ ಇತ್ತೋ?"

"ಆಗಷ್ಟಽ ಹೊಲದಾಗಿಂದ ಬಂದಿತ್ತರಿ."

ಇನ್ನು ಮಾತು ಬೆಳೆದರೆ ತನ್ನ ಬುಡಕ್ಕೇ ಬರುತ್ತದೆಂದು ಗೊತ್ತಾಗಿ ಅಂಬ್ರಪ್ಪ ದಾರಿ ಬದಲಿಸುತ್ತಾರೆ. "ಏನಽ ಅನ್ರಿ, ಹಳೇ ಟ್ರ್ಯಾಕ್ಟರ್ ಮಜಬೂತ್ ಇದ್ದವು. ಈಗಿನವು ಬರೇ ತಗಡು."

ಪಾನಾ ಠಣ್ಣೆಂದು ನೆಲಕ್ಕೆ ಬೀಳುತ್ತದೆ. ಲಾಲಪ್ಪ ಅಚ್ಚಿನಡಿಯಿಂದ ತೆವಳಿ ಹೊರಬರುತ್ತಾರೆ. ಈ ಮಾತನ್ನು ಅವರು ದಿನಕ್ಕೆ ಐದು ಸಲವಾದರೂ ಕೇಳುತ್ತಾರೆ. ಶೆಡ್ಡಿಗೆ ಬರುವವರು ಹೇಳುತ್ತಾರೆ, ಹೋಗುವವರು ಹೇಳುತ್ತಾರೆ, ಬಸ್ಸಿಗೆ ಕಾಯುತ್ತ ನೆರಳಿಗೆಂದು ಬಂದು ನಿಂತವರು, ಟ್ರ್ಯಾಕ್ಟರನ್ನು ಹತ್ತಿಯೇ ನೋಡದವರು ಕೂಡ ಹೇಳುತ್ತಾರೆ.

"ಮೂವತ್ನಾಕು ವರ್ಷ ಆತ್ರಿ ಕೇಳಾಕತ್ತು," ಎಂದು ಲಾಲಪ್ಪ ಕೈ ಒರೆಸಿಕೊಳ್ಳುತ್ತಾರೆ. "ಕಿವಿ ತೂತು ಬಿದ್ದಾವ. ಹಳೇದರ ಬಾನೆಟ್ ಮ್ಯಾಲ ನಾಕ್ ಮಂದಿ ಕುಂಡ್ರತಿದ್ರು, ಹೊಸಾದರ ಮ್ಯಾಲ ಕಾಗಿ ಕುಂತ್ರೂ ತಗ್ಗ ಬೀಳ್ತದ. ಖರೇ ಅದ. ಆದ್ರ ಬಾನೆಟ್ ಹೊಲಾ ಹೊಡೀತದೇನ್ರಿ?"

ಐವತ್ತೆಂಟರ ಲಾಲಪ್ಪ ಹುಟ್ಟಿದ್ದು ಸುರಪುರದ ಕಡೆಯ ಹಳ್ಳಿಯಲ್ಲಿ, ಕೂಲಿಕಾರರ ಮನೆಯಲ್ಲಿ. ಶಾಲೆ ಮೂರನೇ ಇಯತ್ತೆಗೆ ಮುಗಿಯಿತು. ಕಾಲುವೆ ತೋಡುವಾಗ ಮಣ್ಣು ಹೊರಲು ಬಂದವರು, ಮಣ್ಣಿಗಿಂತ ಮಣ್ಣು ತೋಡುವ ಯಂತ್ರಗಳನ್ನೇ ಹೆಚ್ಚು ನೋಡುತ್ತ ನಿಂತರು. ಬೈಸಿಕೊಂಡರು. ಕೊನೆಗೆ ಶಹಾಪುರದ ಒಬ್ಬ ಉಸ್ತಾದರ ಶೆಡ್ಡು ಸೇರಿಕೊಂಡರು. ಅಲ್ಲಿ ಕೆಲಸ ಕಲಿಸಿದವರು ಉಸ್ತಾದರು, ಶಿಸ್ತು ಕಲಿಸಿದವರು ಅವರ ಹೆಂಡತಿ ಖುರ್ಷೀದಬೇಗಂ. ಬಿಚ್ಚಿ ತೆಗೆದ ಯಾವ ಸಾಮಾನನ್ನೂ ಮಾಲೀಕನಿಗೆ ತೋರಿಸದೆ ಎಸೆಯಕೂಡದು ಎಂಬುದು ಆಕೆಯ ಕಾಯಿದೆ. ಮಾಲೀಕ ಬರದಿದ್ದರೆ ಬರುವವರೆಗೆ ಇಡಬೇಕು, ಹತ್ತು ವರ್ಷವಾದರೂ ಸರಿ. ಆ ಕಾಯಿದೆಯಿಂದಾಗಿ ಇವತ್ತು ಲಾಲಪ್ಪನವರ ಶೆಡ್ಡಿನಲ್ಲಿ ಮನುಷ್ಯರು ನಿಲ್ಲುವ ಜಾಗಕ್ಕಿಂತ ಚೀಲ ನಿಂತ ಜಾಗವೇ ಹೆಚ್ಚು.

ಪ್ರತಿ ಸಾಮಾನಿನ ಮೇಲೂ ಬಿಳಿ ಬಣ್ಣದಲ್ಲಿ ಇಸವಿ ಬರೆಯುವವರು ಹೆಂಡತಿ ಮಲ್ಲಾಬಾಯಿ. ಲೆಕ್ಕ ಅವರ ಬಾಯಲ್ಲೇ ಇರುತ್ತದೆ. ನಾಟಿ ಕಾಲದಲ್ಲಿ ದಿನಕ್ಕೆ ನಾಲ್ಕೈದು ಟ್ರ್ಯಾಕ್ಟರು. ಕಳೆದ ವರ್ಷ ಬಿಚ್ಚಿದ ಹಿಂದಿನ ಅಚ್ಚು ನೂರಾ ಹನ್ನೆರಡು. ಅದರಲ್ಲಿ ಎಪ್ಪತ್ತೊಂದರಲ್ಲಿ ನೀರು ಹೊಕ್ಕಿತ್ತು.

"ಎಪ್ಪತ್ತೊಂದು ಮಂದಿಗೂ ಇವರು ಅದಽ ಹೇಳ್ಯಾರ," ಎನ್ನುತ್ತಾರೆ ಮಲ್ಲಾಬಾಯಿ. "ಎಪ್ಪತ್ತೊಂದು ಮಂದೀನೂ ಹೂಂ ಅಂದು ಹೋಗ್ಯಾರ. ಮುಂದಿನ ಅಮಾಸಿಗೆ ಮತ್ತ ಕಾಲುವ್ಯಾಗ ಇಳಿಸ್ಯಾರ."

ಹೇಳುವುದಾದರೂ ಏನು? ಬಹಳ ಸರಳವಾದ ಮಾತು. ದಿನವಿಡೀ ದುಡಿದ ಟ್ರ್ಯಾಕ್ಟರಿನ ಅಚ್ಚು ಒಳಗೆ ಕುದಿಯುತ್ತಿರುತ್ತದೆ. ಅದನ್ನು ಹಾಗೇ ತಣ್ಣೀರಿಗೆ ಇಳಿಸಿದರೆ ಒಳಗಿನ ಗಾಳಿ ಒಮ್ಮೆಲೇ ಕುಗ್ಗಿ, ಸೀಲಿನ ಸಂದಿಯಿಂದ ಕಾಲುವೆಯ ನೀರನ್ನು ಎಳೆದುಕೊಳ್ಳುತ್ತದೆ. ನೀರು ಬೆರೆತ ಎಣ್ಣೆಯಲ್ಲಿ ಗೇರುಗಳು ತಿರುಗಿ ತಿರುಗಿ ಸವೆಯುತ್ತವೆ. ಒಂದು ತಾಸು ಆರಲು ಬಿಟ್ಟು, ದಂಡೆಯ ಮೇಲೆ ನಿಲ್ಲಿಸಿ ಕೊಡದಿಂದ ನೀರು ಹಾಕಿದರೆ ಮುಗಿಯಿತು. ಆದರೆ ಕಾಲುವೆ ತುಂಬಿ ಹರಿಯುವಾಗ ಕೊಡ ಹಿಡಿಯುವ ವ್ಯವಧಾನ ಯಾರಿಗಿದೆ?

ಹಳೇ ಟ್ರ್ಯಾಕ್ಟರುಗಳು ಬಾಳಿದ ಗುಟ್ಟೂ ಇಲ್ಲೇ ಇದೆ ಎನ್ನುತ್ತಾರೆ ಲಾಲಪ್ಪ. "ಆಗ ಮನಷಾಗಽ ಕುಡ್ಯಾಕ ನೀರಿರಲಿಲ್ಲ, ಟ್ರ್ಯಾಕ್ಟರ್‌ಗೆ ಯಾರ್ ಹಾಕ್ತಿದ್ರು? ಒಣಾ ಅರಬಿ ತಗೊಂಡು ಒರಸ್ತಿದ್ರು. ಬ್ಯಾಸಗ್ಯಾಗ ಒಂದ್ಸಲ ನೇಗಿಲಾ, ಸುಗ್ಗ್ಯಾಗ ಹತ್ತಿ ಹೇರೂದು, ಉಳಿದದ್ದೆಲ್ಲಾ ನೆಳ್ಳಾಗ ನಿಂದ್ರೂದು. ಈಗ ವರ್ಷಕ್ಕ ಎರಡು ಬೆಳಿ, ಕಬ್ಬಿಣದ ಗಾಲಿ ಹಾಕಿ ಮೊಣಕಾಲುದ್ದ ರಾಡಿ ತುಳಸ್ತೀರಿ. ಆಗ ವರ್ಷದಾಗ ಮುನ್ನೂರು ತಾಸು ದುಡೀತಿತ್ತು, ಈಗ ಸಾವಿರದ ಮ್ಯಾಲ. ಹ್ಯಾಂಗ್ರಿ ಹೋಲಿಸ್ತೀರಿ?"

ಉಸಿರು ತೆಗೆದುಕೊಂಡು ಮತ್ತೆ ಶುರು. "ಮತ್ತ, ಸತ್ತವನ್ನ ಯಾರೂ ಎಣಸೂದಿಲ್ಲ. ಆ ಕಾಲದ ಹದಿನೇಳು ಟ್ರ್ಯಾಕ್ಟರ್ ನನ್ನ ಕೈಯಾಗ ಬಂದಿದ್ವು. ಹದಿನಾರು ಗುಜರಿಗೆ ಹೋದ್ವು. ಉಳಿದದ್ದು ಒಂದು. ಆ ಒಂದನ್ನ ನೋಡಿ ಎಲ್ಲಾ ಹಳೇವು ಗಟ್ಟಿ ಅಂತೀರಿ."

ಆ ಉಳಿದ ಒಂದೇ ಲಾಲಪ್ಪನವರ ತಲೆಬೇನೆ. ಶಿರವಾಳದ ಸಂಗಣ್ಣನವರ ಕೆಂಪು ಟ್ರ್ಯಾಕ್ಟರು. ಕಾಲುವೆಗೆ ನೀರು ಬರುವ ಮೊದಲೇ ಕೊಂಡದ್ದು. ಇಂದಿಗೂ ಒಂದೇ ಕೀಲಿಗೆ ಎದ್ದು ಕೂರುತ್ತದೆ. ಎಪ್ಪತ್ತು ದಾಟಿದ ಸಂಗಣ್ಣ ಚಹಾದ ಹೋಟೆಲಿನಲ್ಲಿ ಕೂತರೆ ಒಂದೇ ರಾಗ: "ಇವತ್ತಿನ ತನಕ ಇದಕ್ಕ ಪಾನಾ ಹಚ್ಚಿಲ್ಲ. ಕಬ್ಬಿಣ ಅಂದ್ರ ಕಬ್ಬಿಣ." ಸುತ್ತಲಿನ ಊರವರಿಗೆಲ್ಲ ಅದೇ ಪುರಾವೆ. ಅದನ್ನು ಲಾಲಪ್ಪನವರ ಮುಂದೆಯೇ ಹೇಳುತ್ತಾರೆ, ಅದೂ ಲಾಲಪ್ಪ ಅದೇ ಟ್ರ್ಯಾಕ್ಟರಿಗೆ ಹೊಸ ಕ್ಲಚ್ ಕೂರಿಸಿ ಕಳಿಸಿದ ವಾರದಲ್ಲೇ.

ಸಂಗಣ್ಣ ಸುಳ್ಳುಗಾರರಲ್ಲ. ಆದದ್ದು ಇಷ್ಟೇ: ಪ್ರತಿ ಸಲವೂ ಟ್ರ್ಯಾಕ್ಟರು ತಂದದ್ದು ಡ್ರೈವರ್ ದೇವಿಂದ್ರ, ಒಯ್ದದ್ದೂ ಅವರೇ. ಮಾಲೀಕರ ಪಾಲಿಗೆ ಅದು 'ಸರ್ವಿಸ್‌ಗೆ ಹೋಗ್ಯಾದ' ಎಂಬಷ್ಟರಲ್ಲೇ ಮುಗಿಯುತ್ತಿತ್ತು. ತೆಗೆದ ಸಾಮಾನು ನೋಡಲು ಬನ್ನಿ ಎಂದು ಲಾಲಪ್ಪ ಪ್ರತಿ ಸಲ ಹೇಳಿ ಕಳಿಸಿದ್ದಾರೆ. ಸಂಗಣ್ಣ ಒಮ್ಮೆಯೂ ಬಂದಿಲ್ಲ. ಸಾಮಾನು ಚೀಲ ಸೇರುತ್ತ ಹೋಯಿತು. ಒಂದು ಚೀಲ ತುಂಬಿತು, ಎರಡು ತುಂಬಿತು, ಈಗ ಮೂರನೆಯದಕ್ಕೂ ಬಾಯಿ ಕಟ್ಟಲಾಗುವುದಿಲ್ಲ.

ಎದುರಾಡಬಹುದಿತ್ತಲ್ಲ? ಲಾಲಪ್ಪನವರಿಗೆ ನಾಲಿಗೆ ಏಳುವುದಿಲ್ಲ. ಹೊಸದಾಗಿ ಶೆಡ್ಡು ಹಾಕಿದಾಗ, ಮಣ್ಣು ಹೊತ್ತವನ ಕೈಗೆ ಎಂಜಿನ್ ಕೊಡುವುದುಂಟೇ ಎಂದು ಆರು ತಿಂಗಳು ಯಾರೂ ಹತ್ತಿರ ಸುಳಿಯಲಿಲ್ಲ. ಮೊದಲು ಬಂದದ್ದು ಆ ಕೆಂಪು ಟ್ರ್ಯಾಕ್ಟರೇ. ಅದನ್ನು ನೋಡಿ ಶಿರವಾಳದ ಕಡೆಯ ಹನ್ನೊಂದು ಟ್ರ್ಯಾಕ್ಟರು ಇವರಲ್ಲಿಗೆ ಬರತೊಡಗಿದವು. "ಅವರ ಬಾಯಿಗೆ ಅಡ್ಡ ಹ್ಯಾಂಗ ಮಾತಾಡ್ಲಿ?" ಎಂದು ನುಂಗಿಕೊಂಡೇ ಬಂದಿದ್ದಾರೆ. ನುಂಗಿದ್ದು ಒಳಗೆ ಇಳಿಯುವುದಿಲ್ಲ, ಗಂಟಲಲ್ಲೇ ಕೂತು ದಿನಾ ಕೆಮ್ಮಿಸುತ್ತದೆ.

ಇವತ್ತು ಅಂಬ್ರಪ್ಪ ಇನ್ನೊಂದು ಸುದ್ದಿ ಹೇಳುತ್ತಾರೆ. ಭಾನುವಾರ ಅದಲು ಬದಲು. ಏಳು ವರ್ಷದ ಈ ನೀಲಿ ಟ್ರ್ಯಾಕ್ಟರು ಸಂಗಣ್ಣನವರಿಗೆ, ನಲವತ್ತು ದಾಟಿದ ಕೆಂಪು ಟ್ರ್ಯಾಕ್ಟರು ಅಂಬ್ರಪ್ಪನವರಿಗೆ.

"ಅವರಾಗೇ ಒಪ್ಯಾರ್‍ರಿ. ನಿನ್ನ ತ್ರಾಸ ನೋಡಲಾರದ ಕೊಡಾಕತ್ತೀನಿ ಅಂದ್ರು. ಇದನ್ನ ನೀವು ಹ್ಯಾಂಗಾರ ಭಾನುವಾರ ತನಕ ನಡ್ಯೂವಂಗ ಮಾಡ್ರಿ."

ಲಾಲಪ್ಪ ಹಣೆ ಹಣೆ ಚಚ್ಚಿಕೊಳ್ಳುತ್ತಾರೆ, ಎಣ್ಣೆಯ ಕೈಯಲ್ಲೇ. ಕಾಲುವೆಗೆ ಸರದಿಯ ಮೇಲೆ ನೀರು ಬಿಡುತ್ತಾರೆ. ಈ ಸರದಿ ಇನ್ನು ಒಂಬತ್ತು ದಿನ. ಅಂಬ್ರಪ್ಪನವರ ಮಡಿಯಲ್ಲಿ ಸಸಿ ಬಲಿತು ನಿಂತಿದೆ. ಒಣ ಹೊಲದಲ್ಲಿ ಬೆಳೆದ ಆ ಕೆಂಪು ಮುದುಕನನ್ನು ಕೆಸರಿಗೆ ಇಳಿಸಿದರೆ ಒಂಬತ್ತು ದಿನವೇನು, ಎರಡು ಬದುವನ್ನೂ ದಾಟದು. ಆಗ ಗದ್ದೆಯೂ ಹೋಯಿತು, ಟ್ರ್ಯಾಕ್ಟರೂ ಹೋಯಿತು. ಸುಮ್ಮನಿದ್ದರೆ ಅಂಬ್ರಪ್ಪ ಮುಳುಗುತ್ತಾರೆ. ಬಾಯಿ ಬಿಟ್ಟರೆ ಸಂಗಣ್ಣ ಮುನಿಯುತ್ತಾರೆ, ಅವರ ಹಿಂದೆ ಹನ್ನೊಂದು ಟ್ರ್ಯಾಕ್ಟರು.

ಶನಿವಾರ ಸಂಜೆಯವರೆಗೂ ಲಾಲಪ್ಪ ಶೆಡ್ಡಿನಲ್ಲಿ ಕಂಡಕಂಡದ್ದರ ಮೇಲೆಲ್ಲ ರೇಗುತ್ತಾರೆ. ಕೊನೆಗೆ ಮಲ್ಲಾಬಾಯಿಗೇ ಸಾಕಾಗುತ್ತದೆ.

"ಬಾಯಿಲೆ ಹೇಳಾಕ ಆಗಲಿಲ್ಲಂದ್ರ ಬಿಡ್ರಿ. ಚೀಲಾ ಒಯ್ದು ಸುರುವ್ರಿ. ಅವೇ ಮಾತಾಡ್ತಾವ."

ಭಾನುವಾರ ಬೆಳಿಗ್ಗೆ ಒಂದು ಟಂಟಂ ಆಟೋ ಶಿರವಾಳದ ಸಂಗಣ್ಣನವರ ಅಂಗಳದಲ್ಲಿ ನಿಲ್ಲುತ್ತದೆ. ಲಾಲಪ್ಪ ಇಳಿದು ತಾಡಪಾಲು ಹಾಸುತ್ತಾರೆ. ಒಂದೊಂದೇ ಚೀಲದ ಬಾಯಿ ಬಿಚ್ಚುತ್ತಾರೆ. ಸವೆದ ಪಿಸ್ಟನ್ನು, ಗೀರು ಬಿದ್ದ ಲೈನರು, ಹಲ್ಲು ಮುರಿದ ಗೇರು, ಸುಟ್ಟ ಕ್ಲಚ್ ಪ್ಲೇಟು, ಹೈಡ್ರಾಲಿಕ್ ಪಂಪು, ಎರಡು ತುಂಡಾದ ಅಚ್ಚಿನ ಸರಳು. ಎಲ್ಲದರ ಮೇಲೂ ಮಲ್ಲಾಬಾಯಿಯ ಬಿಳಿ ಇಸವಿ.

"ಏನೋ ಇದು ಲಾಲಪ್ಪ? ಗುಜರಿ ತಂದು ನನ್ನ ಅಂಗಳದಾಗ ಸುರುವಾಕತ್ತಿ?"

"ಗುಜರಿ ಅಲ್ರಿ ಯಪ್ಪಾ. ನಿಮ್ಮ ಹಳೇ ಟ್ರ್ಯಾಕ್ಟರ್."

"ಮತ್ತ ಅಲ್ಲಿ ಬೇವಿನ ಗಿಡದ ಬುಡಕ ನಿಂತದ್ದು ಯಾರದು?"

"ಅದೂ ನಿಮ್ದಽ ರೀ. ಆದ್ರ ಹಳೇದಲ್ಲ. ಬಾನೆಟ್ ಹಳೇದು, ಹೊರಗಿನ ಎರಕ ಹಳೇದು. ಒಳಗ ತಿರಗೂದೆಲ್ಲಾ ಇವನ್ನ ತಗದು ನಾ ಹಾಕಿದ್ದು. ಪಾನಾ ಹಚ್ಚಿಲ್ಲ ಅಂತ ಊರೆಲ್ಲಾ ಹೇಳಿದ್ರಿ. ಹಚ್ಚಿದಾಂವ ನಾನು. ನಾ ಏನ್ ಸತ್ತೀನೇನ್ರಿ?"

ಮೂವತ್ನಾಲ್ಕು ವರ್ಷದ ಮಾತು ಒಂದೇ ಉಸಿರಿನಲ್ಲಿ ಹೊರಬಿದ್ದು ಲಾಲಪ್ಪನವರೇ ಬೆಚ್ಚುತ್ತಾರೆ. ಅದಲು ಬದಲಿಗೆಂದು ಮೊದಲೇ ಬಂದಿದ್ದ ಅಂಬ್ರಪ್ಪ ತಾಡಪಾಲಿನ ಸುತ್ತ ಒಂದು ಸುತ್ತು ಬಂದು, ಬೇವಿನ ಕೆಳಗಿನ ಟ್ರ್ಯಾಕ್ಟರನ್ನು ನೋಡಿ, ಮತ್ತೆ ಸಾಮಾನು ನೋಡುತ್ತಾರೆ. ಸಂಗಣ್ಣ ಬಗ್ಗಿ ಮುರಿದ ಗೇರೊಂದನ್ನು ಎತ್ತಿಕೊಂಡು, ಹಲ್ಲಿಲ್ಲದ ಕಡೆ ಹೆಬ್ಬೆರಳು ಆಡಿಸುತ್ತಾರೆ. ಇಸವಿ ಓದುತ್ತಾರೆ. ಆಮೇಲೆ ಗೇರನ್ನು ಕೈಯಲ್ಲಿ ಹಿಡಿದುಕೊಂಡೇ ಒಳಗೆ ಹೋಗುತ್ತಾರೆ. ಚಹಾ ಕುಡಿದು ಹೋಗು ಎಂಬ ಮಾತೂ ಬರುವುದಿಲ್ಲ. ಚೀಲಗಳನ್ನು ಅಲ್ಲೇ ಬಿಟ್ಟು ಲಾಲಪ್ಪ ಟಂಟಂ ಹತ್ತುತ್ತಾರೆ.

ಅದಲು ಬದಲು ಮುರಿದುಬೀಳುತ್ತದೆ. ಅಂಬ್ರಪ್ಪನವರ ಅಚ್ಚನ್ನು ಲಾಲಪ್ಪ ಮೂರು ಸಲ ಡೀಸೆಲ್ಲಿನಲ್ಲಿ ತೊಳೆದು, ಬೇರಿಂಗು, ಸೀಲು ಬದಲಿಸಿ, ಹೊಸ ಎಣ್ಣೆ ತುಂಬಿಸಿ ಎರಡು ದಿನದಲ್ಲಿ ಹೊರಗೆ ಕಳಿಸುತ್ತಾರೆ. ಬೈಗುಳವೂ ಅಷ್ಟೇ ಧಾರಾಳವಾಗಿ ತುಂಬಿರುತ್ತದೆ. ಕಾಲುವೆಯ ಸರದಿ ಮುಗಿಯಲು ಎರಡು ದಿನ ಇರುವಂತೆಯೇ ಆರೆಕರೆಯಲ್ಲೂ ನಾಟಿ ಮುಗಿಯುತ್ತದೆ.

ಆದರೆ ಶಿರವಾಳದ ಕಡೆಯಿಂದ ಮೂರು ವಾರ ಒಂದೇ ಒಂದು ಟ್ರ್ಯಾಕ್ಟರೂ ಬರುವುದಿಲ್ಲ. ಬರದಿದ್ದರೆ ಬಿಡಲಿ ಎನ್ನುತ್ತಾರೆ ಲಾಲಪ್ಪ. ಹಾಗೆನ್ನುತ್ತಲೇ ರಸ್ತೆಯಲ್ಲಿ ಎಂಜಿನ್ ಸದ್ದಾದಾಗಲೆಲ್ಲ ಕತ್ತು ಹೊರಗೆ ಹಾಕುತ್ತಾರೆ. ಇಷ್ಟಕ್ಕೂ ಜನರಿಂದ ನಿಮಗೆ ಬೇಕಾದದ್ದೇನು ಎಂದು ಯಾರಾದರೂ ಕೇಳಿದರೆ ಸಿಡುಕುತ್ತಾರೆ. "ಏನೂ ಬ್ಯಾಡ್ರಿ. ನಾ ಬಿಚ್ಚೂ ಮುಂದ ಮಾಲಕ ಬಂದು ಬಾಜೂಕ ನಿಂದ್ರಬೇಕು. ಒಳಗ ಏನದ, ಏನ್ ಹೋಗ್ಯಾದ, ಕಣ್ಣಿಲೆ ನೋಡಬೇಕು. ಅಷ್ಟಽ. ಅದಕ್ಕೂ ಮಂದಿಗೆ ಪುರಸೊತ್ತಿಲ್ಲ."

ನಾಲ್ಕನೇ ವಾರದ ಒಂದು ಬೆಳಿಗ್ಗೆ ಅಂಬ್ರಪ್ಪ ಶೆಡ್ಡಿಗೆ ಬರುತ್ತಾರೆ. ಈ ಸಲ ಟ್ರ್ಯಾಕ್ಟರು ತಂದಿಲ್ಲ, ಸುದ್ದಿ ತಂದಿದ್ದಾರೆ. ಹಿಂದಿನ ದಿನ ಶಿರವಾಳದ ಹೋಟೆಲಿನಲ್ಲಿ ಯಾರೋ ಸಂಗಣ್ಣನವರ ಮುಂದೆ ಹಳೇ ಟ್ರ್ಯಾಕ್ಟರಿನ ಗುಣಗಾನ ಶುರು ಮಾಡಿದರಂತೆ, ಪಾನಾ ಹಚ್ಚದ ಕಬ್ಬಿಣ ಎಂದು. ಸಂಗಣ್ಣ ಕಪ್ಪು ಕೆಳಗಿಟ್ಟು ಗದರಿದರಂತೆ.

"ಯಾರಪ್ಪಾ ನಿನಗ ಹೇಳಿದಾಂವ? ಏಳು ಸಲ ಬಿಚ್ಚ್ಯಾರ ಅದನ್ನ. ಭೀಮರಾಯನಗುಡಿ ಲಾಲಪ್ಪ ಬಿಚ್ಚ್ಯಾನ. ತಗದ ಸಾಮಾನು ನನ್ನ ಪಡಸಾಲ್ಯಾಗ ಜೋಡಿಸಿಟ್ಟೀನಿ, ಬಂದು ನೋಡು. ಹಾಂಗಽ ನಡೀತದೇನು ಟ್ರ್ಯಾಕ್ಟರ್?"

ಅಂಬ್ರಪ್ಪ ಹೇಳಿ ಮುಗಿಸಿ, ಲಾಲಪ್ಪನವರ ಮುಖ ನೋಡುತ್ತ ನಿಲ್ಲುತ್ತಾರೆ. ಮುಖವೆಲ್ಲಿದೆ? ಲಾಲಪ್ಪ ಆಗಲೇ ಇನ್ಯಾರದೋ ಟ್ರ್ಯಾಕ್ಟರಿನ ಅಡಿಗೆ ಸರಿದಿದ್ದಾರೆ. ಎರಡು ಅಂಗಾಲು ಮಾತ್ರ ಕಾಣುತ್ತಿವೆ. ಮಲ್ಲಾಬಾಯಿ ಬಿಳಿ ಬಣ್ಣದ ಡಬ್ಬಿ ಕೆಳಗಿಟ್ಟು ಆ ಕಡೆಯೇ ನೋಡುತ್ತಾರೆ.

ಕೊನೆಗೆ ಅಚ್ಚಿನ ಕೆಳಗಿನಿಂದ ಅದೇ ಸಿಡುಕಿನ ದನಿ, ಆದರೆ ಸ್ವಲ್ಪ ಒದ್ದೆಯಾದದ್ದು, ಹೊರಗೆ ಬರುತ್ತದೆ.

"ಏಳಲ್ಲ, ಎಂಟು. ಅದನ್ನೂ ತಪ್ಪ ಹೇಳ್ಯಾರ. ಹೋಗಿ ಹೇಳು."