ಕಾಣುವ ಗಂಟು

ಢಬ್, ಢಬ್, ಢಬ್. ಶಕುಂತಲಾ ಬೆರಳಿನಿಂದ ರೆಕ್ಕೆಯನ್ನು ತಟ್ಟಿ ಕಿವಿಗೊಟ್ಟಳು. ಬಳಿದ ವಾರ್ನಿಷ್ ಒಣಗಿ ಲಿನನ್ ಬಟ್ಟೆ ಬಿಗಿದುಕೊಂಡಿತ್ತು. ಶ್ರುತಿ ಸೇರಿದ ಮೃದಂಗದ ಹಾಗೆ ಉತ್ತರ ಕೊಡುತ್ತಿತ್ತು.

ಸ್ವೀಡನ್ನಿನ ಟ್ರೋಲ್‌ಹೆಟ್ಟನ್ ಊರಿನ ಹೊರವಲಯದ ಆ ಶೆಡ್ಡಿನಲ್ಲಿ ಒಂದು ಹವ್ಯಾಸಿ ಕ್ಲಬ್ಬು ಏಳು ವರ್ಷಗಳಿಂದ ವಿಮಾನ ಕಟ್ಟುತ್ತಿತ್ತು. ಮೊದಲ ಮಹಾಯುದ್ಧದ ಕಾಲದ ಜೋಡಿರೆಕ್ಕೆಯ ಯುದ್ಧವಿಮಾನವೊಂದರ ಪಡಿಯಚ್ಚು. ನೋಡಲು ಇಡುವಂಥದ್ದಲ್ಲ, ಹಾರಿಸುವಂಥದ್ದು. ಮರದ ಎಲುಬು, ತಂತಿಯ ನರ, ಬಟ್ಟೆಯ ಚರ್ಮ. ಎಡಗಡೆಯ ಕೆಳರೆಕ್ಕೆಯ ಚರ್ಮ ಶಕುಂತಲಾಳ ಪಾಲಿಗೆ ಬಂದಿತ್ತು.

ರಾಜಾಜಿನಗರದಲ್ಲಿ ಇಪ್ಪತ್ತೆರಡು ವರ್ಷ ರವಿಕೆ ಹೊಲಿದವಳು ಅವಳು. ಗಂಡ ಅನಂತಕೃಷ್ಣನಿಗೆ ಇಲ್ಲಿನ ಎಂಜಿನ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಾಗ ಹೊಲಿಗೆ ಯಂತ್ರದ ತಲೆಯನ್ನು ಸೀರೆಗಳಲ್ಲಿ ಸುತ್ತಿ ತಂದಿದ್ದಳು. ಸ್ವೀಡಿಷ್ ಕಲಿಸಲು ಬರುತ್ತಿದ್ದ ಗುನ್ನೆಲ್ ಎಂಬಾಕೆ ಒಂದು ದಿನ, ಇಲ್ಲಿನವರು ಫೀಕಾ ಎನ್ನುವ ಬಿಡುವಿನ ಹೊತ್ತಿನ ಕಾಫಿ ಹೀರುತ್ತಾ ಅವಳ ಸೀರೆಯಂಚನ್ನು ತಿರುಗಿಸಿ ನೋಡಿದಳು. ಗುನ್ನೆಲ್ ಆ ಕ್ಲಬ್ಬಿನ ಪೈಲಟ್ ಕೂಡ.

"ರೆಕ್ಕೆ ಹೊಲಿಯುತ್ತೀಯಾ?"

"ಅಳತೆ ಕೊಡಿ," ಎಂದಿದ್ದಳು ಶಕುಂತಲಾ.

ಆ ಬುಧವಾರ ತಪಾಸಣೆಗೆ ಬಂದವನು ಲೆನ್ನಾರ್ಟ್. ಕ್ಲಬ್ಬಿನ ವಿಮಾನಗಳಿಗೆ ಸಹಿ ಹಾಕುವ, ನಗುವನ್ನು ಹಬ್ಬಕ್ಕೆಂದು ತೆಗೆದಿಟ್ಟಂತಿದ್ದ ಮುದುಕ. ಅವನು ರೆಕ್ಕೆಯ ಮೇಲೆ ಅಂಗೈ ಸವರಿದ. ಮತ್ತೊಮ್ಮೆ ಸವರಿದ.

"ಗಂಟುಗಳೆಲ್ಲಿ?"

ಶಕುಂತಲಾಳ ಮುಖ ಅರಳಿತು. "ಒಳಗಿವೆ. ಒಂದೂ ಕಾಣುವುದಿಲ್ಲ."

ರಾಜಾಜಿನಗರದ ಗಿರಾಕಿಗಳು ಸೀರೆಯ ಫಾಲ್ ತಿರುಗಿಸಿ, ಒಂದು ಎಳೆ ಕಂಡರೂ ಜಗಳಕ್ಕೆ ನಿಲ್ಲುತ್ತಿದ್ದರು. ಅದಕ್ಕೇ ಬಟ್ಟೆಯನ್ನು ಮರದ ಎಲುಬುಗಳಿಗೆ ಬಿಗಿಯುವ ಇನ್ನೂರೈವತ್ತೆರಡು ಗಂಟುಗಳನ್ನೂ ಒಂದೊಂದಾಗಿ ಒಳಕ್ಕೆ ಎಳೆದು ಅಡಗಿಸಿದ್ದಳು.

"ಕಾಣದ ಗಂಟಿಗೆ ನಾನು ಸಹಿ ಹಾಕಲಾರೆ," ಎಂದ ಲೆನ್ನಾರ್ಟ್. "ಶುಕ್ರವಾರ ಬರುತ್ತೇನೆ. ಅಷ್ಟರಲ್ಲಿ ಆಗದಿದ್ದರೆ ಗುನ್ನೆಲ್ ಕ್ಲಬ್ಬಿನ ಹಳೆಯ ಬಿಡಿ ರೆಕ್ಕೆ ಹಾಕಿಕೊಂಡು ಹಾರಲಿ."

ಹಳೆಯ ರೆಕ್ಕೆ ಮೂಲೆಯಲ್ಲಿ ಒರಗಿ ನಿಂತಿತ್ತು. ಅದರ ದಪ್ಪ ದಪ್ಪ ಗಂಟುಗಳನ್ನು ನೋಡಿ ಶಕುಂತಲಾಳಿಗೆ ಮೈ ಉರಿಯಿತು. ಇಂಥದ್ದು ಆಕಾಶಕ್ಕೆ ಹೋಗಿ, ತನ್ನದು ಮೂಲೆ ಸೇರುವುದೇ? ಅವಳು ಕತ್ತರಿ ಎತ್ತಿಕೊಂಡಳು.

ಇಡೀ ಗುರುವಾರ ಬಿಚ್ಚುವುದರಲ್ಲೇ ಕಳೆಯಿತು. ಸಂಜೆ ಕಾರ್ಖಾನೆಯಿಂದ ಬಂದ ಅನಂತಕೃಷ್ಣನನ್ನು, ನೆಟ್ಟಗೆ ನಿಲ್ಲಿಸಿದ ರೆಕ್ಕೆಯ ಆಚೆ ಬದಿಗೆ ಕೂರಿಸಿದಳು. ಮೊಳದುದ್ದದ ಸೂಜಿಯನ್ನು ಅವಳು ಈ ಕಡೆಯಿಂದ ಚುಚ್ಚಬೇಕು, ಅವನು ಆ ಕಡೆಯಿಂದ ವಾಪಸು ಕಳಿಸಬೇಕು. ಜೂನ್ ತಿಂಗಳ ಬೆಳಕು ಬಾಗಿಲಲ್ಲೇ ಕುಳಿತಿತ್ತು. ಬಟ್ಟೆಯಲ್ಲಿ ಗಂಡನ ನೆರಳು ಮಾತ್ರ ಕಾಣುತ್ತಿತ್ತು.

"ನಾನು ಸೀನಿಯರ್ ಎಂಜಿನಿಯರ್ ಕಣೆ. ಸೂಜಿ ವಾಪಸ್ ಕೊಡೋಕೆ ಇಟ್ಕೊಂಡಿದ್ದೀಯ."

"ಪ್ರಮೋಷನ್ ಅನ್ಕೊಳ್ಳಿ. ಸ್ವಲ್ಪ ಎಡಕ್ಕೆ ರೀ."

"ಡ್ರಾಯಿಂಗ್‌ನಲ್ಲಿ ಗಂಟು ಹೊರಗಡೆ ಅಂತ ಕ್ಲಿಯರ್ ಆಗಿದೆ. ನೀನು ನೋಡ್ಲಿಲ್ವಾ?"

"ನೋಡ್ದೆ. ಪಾಪ, ಬರೆದೋನಿಗೆ ಹೊಲಿಗೆ ಬರಲ್ಲ ಅನ್ಕೊಂಡೆ."

ನೆರಳು ಕುಲುಕಿ ಕುಲುಕಿ ನಕ್ಕಿತು. ಸೂಜಿ ಸೊಟ್ಟಗೆ ಬಂತು.

"ನಗ್ತಾ ಚುಚ್ಚಬೇಡಿ. ಗುನ್ನೆಲ್ ಇದರ ಮೇಲೆ ಹೋಗ್ತಾರೆ."

ಆಮೇಲೆ ಅವನು ನಗಲಿಲ್ಲ. ಗಂಟು ಹೊರಗೆ ಬಿಡುವಾಗ ಮೊದಮೊದಲು ಅವಳಿಗೆ, ನೆಂಟರ ಮುಂದೆ ಪೆಟಿಕೋಟ್ ಇಣುಕಿದಷ್ಟು ನಾಚಿಕೆ. ಐವತ್ತು ಕಳೆದ ಮೇಲೆ ಅಭ್ಯಾಸವಾಯಿತು. ನೂರು ದಾಟಿದ ಮೇಲೆ ಎಲ್ಲ ಗಂಟುಗಳೂ ಒಂದೇ ಗಾತ್ರ, ಒಂದೇ ಸಾಲು. ಕಾಣುವುದೇ ಆದರೆ ಕನಕಾಂಬರದ ದಂಡೆಯಂತೆ ಕಾಣಲಿ ಎಂದುಕೊಂಡಳು. ಉಳಿದವನ್ನು ಶುಕ್ರವಾರ ಅವನು ರಜೆ ಹಾಕಿ ಕೂತು ಮುಗಿಸಿಕೊಟ್ಟ.

ಲೆನ್ನಾರ್ಟ್ ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ಇನ್ನೂರೈವತ್ತೆರಡನ್ನೂ ಎಣಿಸಿದ. ಹಳೆಯ ರೆಕ್ಕೆಯ ಕಡೆ ಒಮ್ಮೆ ನೋಡಿದ. ಸಹಿ ಹಾಕಿದ.

ಎರಡು ವಾರ ಕಳೆದು ಗಂಟುಗಳ ಮೇಲೆ ಪಟ್ಟಿ ಅಂಟಿಸಿ ಬಣ್ಣವೂ ಆಗಿ, ವಿಮಾನ ಹುಲ್ಲುಗಾವಲಿನ ಮೇಲೆ ಕುಪ್ಪಳಿಸುತ್ತಾ ಓಡಿ ಮೇಲೇರಿತು. ಗುನ್ನೆಲ್‌ಳ ತಲೆ ರವಿಕೆಯ ಗುಂಡಿಯಷ್ಟಾಯಿತು. ವಿಮಾನ ವಾಲಿ ತಿರುಗಿದಾಗ ಎಡಗಡೆಯ ಕೆಳರೆಕ್ಕೆ ಬಿಸಿಲಿಗೆ ಹೊಳೆಯಿತು. ಶಕುಂತಲಾ ಹಿಡಿದ ಉಸಿರನ್ನು ಚಕ್ರ ನೆಲ ಮುಟ್ಟಿದ ಮೇಲೆಯೇ ಬಿಟ್ಟಳು.

ಪಕ್ಕದಲ್ಲಿ ಅನಂತಕೃಷ್ಣ ಪಾಠ ಶುರುಮಾಡಿದ್ದ. "ಸಿಂಪಲ್ ಕಣೆ. ರೆಕ್ಕೆ ಮೇಲೆ ಗಾಳಿಯ ಪ್ರೆಶರ್ ಕಮ್ಮಿ, ಕೆಳಗಡೆ ಜಾಸ್ತಿ. ಅಂದ್ರೆ ಮೇಲಿನ ಬಟ್ಟೆನ ಗಾಳಿ ಕಿತ್ಕೊಂಡು ಹೋಗೋಕೆ ನೋಡುತ್ತೆ. ಅದನ್ನ ತಡೆಯೋದು ಏನು ಹೇಳು? ನಿನ್ನ ದಾರ. ಈಗ ಲೆಕ್ಕ ಹಾಕೋಣ, ಒಂದೊಂದು ಗಂಟಿನ ಮೇಲೆ ಎಷ್ಟು..."

ಶಕುಂತಲಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಆಗಲೇ ಹುಲ್ಲಿನ ಮೇಲೆ ಅರ್ಧ ದಾರಿ ಹೋಗಿದ್ದಳು, ರೆಕ್ಕೆ ತಟ್ಟಲು ಬೆರಳನ್ನು ಸಿದ್ಧಮಾಡಿಕೊಂಡು.