ಅತ್ತೆ ಸಿಂಬಿ ಸುತ್ತಿದ ಟೆಂಟು

ಕೇಳ್ರಪ್ಪಾ, ಇವತ್ತು ದೇವರಾಯನದುರ್ಗದ ಕಾಡಲ್ಲಿ ನಮ್ಮತ್ತೆ ಗೆದ್ರು!

ಯಜಮಾನ್ರು ಹೊಸ ಟೆಂಟ್ ಎಸೆದ್ರೆ ಅದು ತಾನೇ ಬಿಚ್ಕೊಂಡು ನಿಂತ್ಕೊಂಡ್ತು. "ಅಮ್ಮ, ಮುಟ್ಬೇಡ, ನಿಂಗೆ ಗೊತ್ತಾಗಲ್ಲ" ಅಂತ ಬೇರೆ ಜಂಬ.

ಅಷ್ಟರಲ್ಲಿ ಫಾರೆಸ್ಟ್ ಗಾರ್ಡ್ ಬಂದು, "ಇಲ್ಲಿ ಟೆಂಟ್ ಹಾಕಂಗಿಲ್ಲ, ಮಡಚಿ ಸಾರ್" ಅಂದ್ರು. ಮಡಚಿದಷ್ಟೂ ಸಲ ಅದು ಮತ್ತೆ ಎದ್ದು ನಿಲ್ಲುತ್ತೆ! ಯೂಟ್ಯೂಬ್ ನೋಡೋಣ ಅಂದ್ರೆ ನೆಟ್‌ವರ್ಕ್ ಇಲ್ಲ. "ಇಲ್ಲೇ ಉಳ್ಕೊಳ್ಳೋಕೆ ನಾಟಕಾನಾ? ಫೈನ್ ಹಾಕ್ತೀನಿ" ಅಂತ ಗಾರ್ಡ್ ರೇಗಿದ್ರು.

ಅಮೃತೂರಲ್ಲಿ ತಲೆ ಮೇಲೆ ನೀರು ಹೊತ್ತು ಬೆಳೆದ ಅತ್ತೆ ಎದ್ದು ಬಂದ್ರು. ಬಿಂದಿಗೆ ಕೆಳಗಿಡೋ ಬಟ್ಟೆ ಸಿಂಬಿ ಸುತ್ತೋ ಹಾಗೆ ಒಂದೇ ಸಲ ತಿರುಚಿದ್ರು. ಟೆಂಟ್ ಚೀಲದೊಳಗೆ! ಗಾರ್ಡೇ ಚಪ್ಪಾಳೆ ಹೊಡೆದ್ರು.

ಯಜಮಾನ್ರು ಚೀಲಕ್ಕೆ ಕೈ ಹಾಕಿದ್ರೆ ಅತ್ತೆ ಅಂದಿದ್ದು: "ಮುಟ್ಬ್ಯಾಡ ಕಣೋ, ನಿನ್ನ ಕಂಡ್ರೆ ಮತ್ತೆ ಎದ್ಬುಡ್ತದೆ."